ಯಾರೋ ಮರೆತಿದಾರೆ ಅನ್ಕೊಂಡೆ

ಮೊನ್ನೆ ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರು ಬದಲಿಸಿದ ಕೋಡನ್ನು ಉಳಿದವರು ಪರಿಶೀಲಿಸುವಾಗ, ನಮ್ಮ ಸೀನಿಯರ್ ಕೇಳಿದರು: "ರೀಫಂಡ್‌ನಲ್ಲಿ ಮಾತ್ರ ರಿಟ್ರೈ ಇರ್ಲಿಲ್ಲ, ನೋಡಿದ್ಯಾಮ್ಮಾ?"

ಹೊಸದಾಗಿ ಟೀಮಿಗೆ ಸೇರಿದ ಹುಡುಗಿ ತಡವರಿಸದೆ ಹೇಳಿದಳು: "ನೋಡ್ದೆ ಸರ್. ಯಾರೋ ಮರೆತಿದಾರೆ ಅನ್ಕೊಂಡೆ."

ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ.

ಬ್ಯಾಂಕಿನ ಗೇಟ್‌ವೇ ಜೊತೆ ವ್ಯವಹರಿಸುವ ನಮ್ಮ ರೂಬಿ ಭಾಷೆಯ ಕ್ಲಾಸ್‌ನಲ್ಲಿ ಹಣ ಕಡಿತ, ಸ್ಟೇಟಸ್, ರೀಫಂಡ್, ಮ್ಯಾಂಡೇಟ್ (ಖಾತೆಯಿಂದ ಹಣ ಕಡಿತಕ್ಕೆ ಗ್ರಾಹಕ ಮೊದಲೇ ಕೊಟ್ಟ ಒಪ್ಪಿಗೆ) ರದ್ದು ಅಂತ ಉದ್ದಕ್ಕೂ ಮೆಥಡ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಡ್ ತುಂಡು. ಹೆಚ್ಚುಕಡಿಮೆ ಎಲ್ಲದರೊಳಗೂ ಅವೇ ಸಾಲುಗಳು: ಲಾಗ್ ಬರೆ, ರಿಕ್ವೆಸ್ಟ್ ಕಳಿಸು, ಸಮಯಕ್ಕೆ ಉತ್ತರ ಬರದೆ ಟೈಮ್‌ಔಟ್ ಆದರೆ ಇನ್ನೊಮ್ಮೆ ಕಳಿಸು (ಇದೇ ರಿಟ್ರೈ). ಅವಳು ಹೆಸರುಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ, ಅದರ ಮೇಲೆ ಲೂಪ್ ಓಡಿಸಿ, ಹೆಸರು ಕೊಟ್ಟರೆ ಮೆಥಡ್ ಹುಟ್ಟಿಸುವ 'ಡಿಫೈನ್ ಮೆಥಡ್' ಬಳಸಿ ಅಷ್ಟನ್ನೂ ಹುಟ್ಟಿಸಿದ್ದಳು. ಹೀಗೆ ರೀಫಂಡ್‌ಗೂ ರಿಟ್ರೈ ಸೇರಿಕೊಂಡಿತ್ತು. ಟೆಸ್ಟ್‌ಗಳೆಲ್ಲ ಪಾಸ್. ಚೆಂದದ ಕೆಲಸ, ಈಗಲೂ ಹಾಗೇ ಅನ್ನುತ್ತೇನೆ.

ಆದರೆ ರೀಫಂಡ್‌ನಲ್ಲಿ ರಿಟ್ರೈ ಬಿಟ್ಟದ್ದು ಬೇಕೆಂದೇ. ಒಂದೇ ಆರ್ಡರ್ ನಂಬರಿಗೆ ಎರಡನೇ ಸಲ ಹಣ ಕೇಳಿದರೆ ಈ ಗೇಟ್‌ವೇ ತಿರಸ್ಕರಿಸುತ್ತದೆ. ರೀಫಂಡ್ ಹಾಗಲ್ಲ, ಒಂದೇ ಆರ್ಡರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಣ ವಾಪಸ್ ಕೊಡಬಹುದು. ಟೈಮ್‌ಔಟ್ ಆದಾಗ ಹಣ ಹೋಗಿರಲೂಬಹುದು, ಉತ್ತರ ಮಾತ್ರ ಬಂದಿರುವುದಿಲ್ಲ. ಆಗ ಮತ್ತೆ ಕಳಿಸಿದರೆ ಗ್ರಾಹಕನ ಖಾತೆಗೆ ಎರಡು ಸಲ ಹಣ. ಈ ವಿಷಯ ಗೊತ್ತಿದ್ದದ್ದು ಸೀನಿಯರ್‌ಗೆ ಮಾತ್ರ.

"ಅದಕ್ಕೇ ಹೇಳೋದು, ಈ ಮ್ಯಾಜಿಕ್ ಬೇಡ, ಮೊದಲಿದ್ದ ಹಾಗೇ ಬಿಡಿ" ಅಂದರು. ಅವರು ಎಚ್ಚರದ ಮನುಷ್ಯ, ರಾತ್ರಿಯೆಲ್ಲ ಎದ್ದು ಪ್ರೊಡಕ್ಷನ್ ಕಾದವರು. ಆದರೂ ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಮೊದಲಿದ್ದ ಹಾಗೆ ಬಿಟ್ಟಿದ್ದಕ್ಕೇ ಅಲ್ಲವೇ ಅವಳಿಗೆ ಅದು ಮರೆವಿನಂತೆ ಕಂಡದ್ದು? ಕಾಪಿ ಮಾಡಿದ ಮೆಥಡ್‌ಗಳ ಸಾಲಿನಲ್ಲಿ ಒಂದು ಮಾತ್ರ ಬೇರೆ ಥರ ಇದ್ದರೆ, ಅದು ಉದ್ದೇಶವೋ ಕಣ್ತಪ್ಪೋ ಅಂತ ಹೇಳುವವರು ಯಾರು? ನನಗೆ ಸಿಟ್ಟಿರುವುದು ಅದನ್ನು ಬರೆದವನ ಮೇಲೆ. ಯಾವ ಸಾಲು ಯಾರು ಬರೆದದ್ದೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಅವನ ಹೆಸರಿದೆ, ಬದಲಾವಣೆಯ ಜೊತೆ ಬರೆಯುವ ಕಮಿಟ್ ಮೆಸೇಜು 'ಫಿಕ್ಸ್' ಅಂತ ಒಂದೇ ಪದ. ಕೆಲಸ ಬಿಟ್ಟು ಯಾವ ಕಾಲವಾಯಿತೋ. ಒಂದು ಸಾಲಿನ ಕಾಮೆಂಟ್ ಬರೆಯಲು ಏನು ಕಷ್ಟವಿತ್ತು?

ಸೀನಿಯರ್ ಎತ್ತಿದ ಇನ್ನೊಂದು ಆಕ್ಷೇಪ ನ್ಯಾಯದ್ದೇ: ಮೆಥಡ್ ಸಾಮಾನ್ಯವಾಗಿ ಶುರುವಾಗುವ ಹಾಗೆ 'ಡೆಫ್ ರೀಫಂಡ್' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಕನ್ಸೋಲ್‌ನಲ್ಲಿ 'ಸೋರ್ಸ್ ಲೊಕೇಶನ್', ಅಂದರೆ ಮೆಥಡ್ ಬರೆದ ಜಾಗ, ಕೇಳಿದರೂ ಎಲ್ಲ ಮೆಥಡ್‌ಗೂ ಲೂಪಿನೊಳಗಿನ ಅದೇ ಸಾಲು ಬರುತ್ತದೆ. ಹಾಗಾಗಿ ಹೆಸರನ್ನು ತುಂಡು ತುಂಡಾಗಿ ಜೋಡಿಸಬಾರದು, ಪಟ್ಟಿಯಲ್ಲಿ ಪೂರ್ತಿ ಬರೆಯಬೇಕು ಅಂತ ನಾನು ಹಟ ಹಿಡಿದೆ. ಆಗ ಬರೀ 'ರೀಫಂಡ್' ಅಂತ ಹುಡುಕಿದರೂ ಪಟ್ಟಿಗೆ ಬಂದು ನಿಲ್ಲುತ್ತೇವೆ. ಇಲ್ಲದ ಮೆಥಡ್ ಕರೆದಾಗ ಆ ಕರೆಯನ್ನು ಹಿಡಿಯುವ 'ಮೆಥಡ್ ಮಿಸ್ಸಿಂಗ್' ಬಳಸಿದ್ದರೆ ನಾನೂ ಬೇಡವೆನ್ನುತ್ತಿದ್ದೆ. ಅಲ್ಲಿ ಹುಡುಕಲು ಮೆಥಡ್ಡೇ ಇರುವುದಿಲ್ಲ. ಮಿಕ್ಕಂತೆ ಮ್ಯಾಜಿಕ್ ಅಂತ ದೂರ ಇಡುವುದಾದರೆ ರೂಬಿಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ರೇಲ್ಸನ್ನೇ ಬಿಡಬೇಕಾದೀತು. ಅದರ 2014ರ 4.1 ಆವೃತ್ತಿಯಲ್ಲಿ ಬಂದ 'ಈನಮ್' ಮಾಡುವುದೂ ಇದನ್ನೇ: ಸ್ಥಿತಿಗಳ ಹೆಸರು ಕೊಟ್ಟರೆ ಪ್ರತಿಯೊಂದಕ್ಕೂ ಮೆಥಡ್‌ಗಳನ್ನು ತಾನೇ ಹುಟ್ಟಿಸಿಕೊಡುತ್ತದೆ.

ಕೊನೆಗೆ ಪ್ರತಿ ಹೆಸರಿನ ಮುಂದೆಯೂ ರಿಟ್ರೈ ಬೇಕೋ ಬೇಡವೋ ಅಂತ ಬರೆಯಲೇಬೇಕು, ಬರೆಯದಿದ್ದರೆ ಕ್ಲಾಸ್ ಲೋಡ್ ಆಗುವಾಗಲೇ ಎರರ್ ಬರಬೇಕು ಅಂತಾಯಿತು. ರೀಫಂಡ್ ಮುಂದೆ 'ರಿಟ್ರೈ: ಫಾಲ್ಸ್', ಮೇಲೊಂದು ಕಾಮೆಂಟ್. ಅದನ್ನು ಸೀನಿಯರೇ ಟೈಪ್ ಮಾಡಿದರು.

ಪಟ್ಟಿ ತುಂಬುತ್ತಾ ಹೋದ ಹುಡುಗಿ ಮ್ಯಾಂಡೇಟ್ ರದ್ದಿನ ಹತ್ತಿರ ನಿಂತಳು. ಹಳೆಯ ಕೋಡ್‌ನಲ್ಲಿ ಅದಕ್ಕೆ ಲಾಗ್ ಇಲ್ಲ. "ಇದು ಮರೆತಿರೋದಾ ಸರ್, ಬೇಕಂತಲೇನಾ?" ಸೀನಿಯರ್‌ಗೂ ಗೊತ್ತಿರಲಿಲ್ಲ. ಬ್ಯಾಂಕಿನವರಿಗೆ ಮೇಲ್ ಹಾಕಿದ್ದೇವೆ, ಉತ್ತರ ಬರುವವರೆಗೆ ಆ ಬದಲಾವಣೆ ಮುಖ್ಯ ಕೋಡಿಗೆ ಮರ್ಜ್ ಆಗುವುದಿಲ್ಲ.