ಊರು ಬಿಡದ ಊರು: ಈಮ್

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಬಸ್ಸು ಹಿಡಿದು ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳ ನಡುವೆ ಸಾಗಿದರೆ ಡರ್ಬಿಶೈರ್‌ನ ಈಮ್ ಸಿಗುತ್ತದೆ. ಕಲ್ಲಿನ ಮನೆಗಳು, ಒಂದು ಚರ್ಚು, ಕೆಲವೇ ಬೀದಿಗಳು. ಚರ್ಚಿನ ಪಕ್ಕದ ಮನೆಗಳ ಮುಂದೆ ಹಸಿರು ಫಲಕಗಳಿವೆ. ಆ ಮನೆಯಲ್ಲಿ ಪ್ಲೇಗಿಗೆ ಯಾರು ಯಾರು ಸತ್ತರು ಎಂಬುದು ಅದರಲ್ಲಿದೆ. ಒಳಗೆ ಇವತ್ತಿಗೂ ಸಂಸಾರಗಳು ಬಾಳುತ್ತಿರುವುದರಿಂದ, ಬೇಲಿಯ ಈಚೆ ನಿಂತು ಓದುವಾಗ ದನಿ ತಾನಾಗಿ ತಗ್ಗುತ್ತದೆ.

1665ರ ಬೇಸಿಗೆಯ ಕೊನೆಗೆ ಇಲ್ಲಿನ ದರ್ಜಿಯೊಬ್ಬನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಅದರ ಜೊತೆ ಪ್ಲೇಗ್ ಹೊತ್ತ ಚಿಗಟಗಳೂ ಬಂದವು ಎನ್ನುತ್ತಾರೆ. ಒದ್ದೆಯಾಗಿದ್ದ ಬಟ್ಟೆಯನ್ನು ಬೆಂಕಿಯ ಮುಂದೆ ಹರವಿದ ಜಾರ್ಜ್ ವಿಕರ್ಸ್ ಎಂಬ ಕೆಲಸದವನು ಸೆಪ್ಟೆಂಬರ್ 7ರಂದು ಮಣ್ಣಾದ. ಚಳಿಗಾಲದಲ್ಲಿ ಕೊಂಚ ತಗ್ಗಿದ ರೋಗ ಮರುವರ್ಷ ಬೇಸಿಗೆಗೆ ಮತ್ತೆ ಭುಗಿಲೆದ್ದಿತು.

1666ರ ಜೂನ್‌ನಲ್ಲಿ ಊರಿನವರು ಒಂದು ತೀರ್ಮಾನಕ್ಕೆ ಬಂದರು: ರೋಗ ಸುತ್ತಲ ಊರುಗಳಿಗೆ ಹಬ್ಬದಂತೆ ಯಾರೂ ಎಲ್ಲೆ ದಾಟಬಾರದು. ಇದರ ಹಿರಿಮೆಯನ್ನೆಲ್ಲ ಪಾದ್ರಿ ವಿಲಿಯಂ ಮೊಂಪೆಸನ್‌ಗೆ ಕೊಡುವುದು ವಾಡಿಕೆ. ನನಗೆ ಥಾಮಸ್ ಸ್ಟ್ಯಾನ್ಲಿಯ ಪಾಲೂ ಅಷ್ಟೇ ದೊಡ್ಡದು ಅನಿಸುತ್ತದೆ. ಸರ್ಕಾರ ಹೇರಿದ ಪ್ರಾರ್ಥನಾ ಪುಸ್ತಕವನ್ನು ಒಪ್ಪದೆ 1662ರಲ್ಲಿ ಹುದ್ದೆ ಕಳೆದುಕೊಂಡ ಪಾದ್ರಿ ಆತ. ಜನರ ಮನಸ್ಸು ಇನ್ನೂ ಅವನ ಕಡೆಗೇ ಇತ್ತು. ಮೊಂಪೆಸನ್ ಹೊಸಬ, ಇಪ್ಪತ್ತರ ಹರೆಯದವನು. ಮತದ ವಿಷಯದಲ್ಲಿ ಎದುರುಬದುರಾಗಿದ್ದ ಇಬ್ಬರೂ ಒಟ್ಟಿಗೆ ನಿಂತು ಕೇಳಿಕೊಂಡಿದ್ದಕ್ಕೇ ಊರು ಒಪ್ಪಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ನಮ್ಮವರು ಮನೆಗೆ ಬೀಗ ಹಾಕಿ ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೂ ಆ ಪ್ಲೇಗೇ ಕಾರಣ. ಅಂಥ ಕಥೆ ಕೇಳಿ ಬೆಳೆದವರಿಗೆ, ಸಾವು ಬಾಗಿಲಲ್ಲಿ ನಿಂತಾಗಲೂ ಊರು ಬಿಡೆವು ಅಂದವರ ಎದೆಗಾರಿಕೆ ಎಷ್ಟಿರಬೇಕೆಂದು ಬೇರೆ ಹೇಳಬೇಕಿಲ್ಲ.

ಪಕ್ಕದ ಊರಾದ ಸ್ಟೋನಿ ಮಿಡ್ಲ್‌ಟನ್ ಕಡೆಗೆ ಹೊಲಗಳ ನಡುವಿನ ಕಾಲುದಾರಿಯಲ್ಲಿ ಎಲ್ಲೆಗಲ್ಲು ಇದೆ. ಅದರ ನೆತ್ತಿಯಲ್ಲಿ ಆರು ಕುಳಿಗಳು. ಸೋಂಕು ದಾಟದಿರಲೆಂದು ಈಮ್‌ನವರು ಕುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿ ಹೋದರೆ, ಆಚೆ ಊರಿನವರು ದುಡ್ಡು ತೆಗೆದುಕೊಂಡು ದಿನಸಿ ಇಟ್ಟುಹೋಗುತ್ತಿದ್ದರಂತೆ. ಕುಳಿಯೊಳಗೆ ಬೆರಳಿಟ್ಟು ನೋಡಿದೆ. ಅಂಚೆಲ್ಲ ಸವೆದು ನುಣುಪಾಗಿದೆ. ಚಾಟ್ಸ್‌ವರ್ತ್ ಅರಮನೆಯಿಂದ ಡೆವನ್‌ಶೈರ್‌ನ ಅರ್ಲ್ ಕೂಡ ಆಹಾರ ಕಳಿಸಿಕೊಟ್ಟ. ಚರ್ಚಿನೊಳಗೆ ಜನ ಒತ್ತಾಗಿ ಕೂರಬಾರದೆಂದು ಪ್ರಾರ್ಥನೆಯನ್ನು ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಗೆ ಸಾಗಿಸಿದರು. ಆಗಸ್ಟ್‌ನ ಕೊನೆಯ ಭಾನುವಾರ ಇಂದಿಗೂ ಅಲ್ಲಿ ನೆನಪಿನ ಪ್ರಾರ್ಥನೆ ನಡೆಯುತ್ತದೆ.

ಮೊಂಪೆಸನ್ ತನ್ನ ಮಕ್ಕಳನ್ನು ಮೊದಲೇ ಬೇರೆ ಕಡೆಗೆ ಕಳಿಸಿದ್ದ. ಆ ಅನುಕೂಲ ಊರಿನ ಉಳಿದ ತಾಯ್ತಂದೆಯರಿಗೆ ಇರಲಿಲ್ಲ, ಇದನ್ನು ಮರೆಯಬಾರದು. ಹೆಂಡತಿ ಕ್ಯಾಥರೀನ್ ಮಾತ್ರ ಗಂಡನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಆಕೆಯೂ ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ, ಸಾವಿರ ವರ್ಷಕ್ಕೂ ಹಳೆಯದಾದ ಸ್ಯಾಕ್ಸನ್ ಶಿಲುಬೆಯ ಹತ್ತಿರ ಅವಳ ಸಮಾಧಿಯಿದೆ. ನವೆಂಬರ್ ಹೊತ್ತಿಗೆ ರೋಗ ನಿಂತಾಗ ಸತ್ತವರು ಸುಮಾರು 260. ಸುತ್ತಲ ಊರುಗಳು ಉಳಿದುಕೊಂಡವು.

ಬಹಳ ಜನ ಚರ್ಚು, ಮ್ಯೂಸಿಯಂ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಊರಿನ ಪೂರ್ವಕ್ಕೆ ಏರು ಹತ್ತಿದರೆ, ಹುಲ್ಲುಗಾವಲಿನ ನಡುವೆ ಗುಂಡಗಿನ ಕಲ್ಲುಗೋಡೆಯೊಳಗೆ ರೈಲಿ ಸಮಾಧಿಗಳೆಂದು ಕರೆಯುವ ಹ್ಯಾನ್‌ಕಾಕ್ ಮನೆಯವರ ಸಮಾಧಿಗಳಿವೆ. ಎಲಿಜಬೆತ್ ಹ್ಯಾನ್‌ಕಾಕ್ 1666ರ ಆಗಸ್ಟ್‌ನಲ್ಲಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಹೆಗಲು ಕೊಡಲು ಯಾರೂ ಬರುವಂತಿರಲಿಲ್ಲ. ಹೆಣಗಳನ್ನು ತಾನೇ ಎಳೆದು ತಂದು, ತಾನೇ ಗುಂಡಿ ತೋಡಿ ಮಣ್ಣು ಮಾಡಿದಳು. ಪಾದ್ರಿಗಳ ಹೆಸರು ಊರೆಲ್ಲ ಸಿಗುತ್ತದೆ. ಅವರ ತೀರ್ಮಾನಕ್ಕೆ ಯಾರು ಎಷ್ಟು ತೆತ್ತರು ಎಂದು ತಿಳಿಯಬೇಕಾದರೆ ಈ ಏರು ಹತ್ತಲೇಬೇಕು.