ಕಕ್ಕಡದ ಮಳೆಯಲ್ಲಿ ಗಾಳ: ಕೊಡಗಿನ ಮಹಿಳಾ ಸ್ಪರ್ಧೆಗೆ ಹೊರಟವರಿಗೆ

ಕೊಡಗಿನಲ್ಲಿ ಹೆಂಗಸರ ಗಾಳದ ಸ್ಪರ್ಧೆಗೆ ಹೆಸರು ಕೊಡುವ ಮೊದಲು ಅದು ಕೆರೆಯಲ್ಲೋ ಹೊಳೆಯಲ್ಲೋ ಎಂದು ಕೇಳಿಕೊಳ್ಳಿ. ಕಕ್ಕಡ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಾದರೆ ಹೊಳೆ ಬೇಡವೇ ಬೇಡ. ಕಾವೇರಿ ಕೆಂಪಾಗಿ ದಡ ಕೊರೆಯುತ್ತಿರುತ್ತಾಳೆ, ಭಾಗಮಂಡಲದ ಸಂಗಮ ತುಂಬಿ ರಸ್ತೆಗೇ ಬರುತ್ತದೆ. ಮೀನು ಮೊಟ್ಟೆ ಇಡುವ ಕಾಲವೂ ಅದೇ. ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಹಿಡಿಯುವುದನ್ನೇ ನಾನು ಒಪ್ಪುವುದಿಲ್ಲ. ಹೊಟ್ಟೆ ತುಂಬಾ ಮೊಟ್ಟೆ ಹೊತ್ತ ಬಿಳಿಮೀನನ್ನು ಬಹುಮಾನಕ್ಕಾಗಿ ಎಳೆಯುವುದನ್ನಂತೂ ಎಂದಿಗೂ ಒಪ್ಪಲಾರೆ.

ನಾನು, ನನ್ನ ಅತ್ತಿಗೆ ಮೈಸೂರಿನಿಂದ ಹೋದದ್ದು ಅಮ್ಮತ್ತಿ ಕಡೆಯ ಕಾಫಿ ತೋಟದ ಕೆರೆಗೆ. ಅದರಲ್ಲಿ ಮರಿ ಬಿಟ್ಟು ಬೆಳೆಸಿದ ಕಾಟ್ಲಾ, ರೋಹು, ಗೆಂಡೆ ಇದ್ದವು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲವಾದ್ದರಿಂದ ಅವುಗಳ ಮಟ್ಟಿಗೆ ಆ ಅಳುಕೂ ಇರಲಿಲ್ಲ.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಹುಣಸೂರು, ಗೋಣಿಕೊಪ್ಪದ ಮೇಲೆ ಹೋಗುವುದು ಒಳ್ಳೆಯದು. ಮಂಗಳೂರು ಕಡೆಯವರು ಸಂಪಾಜೆ ಘಾಟಿ ತೆರೆದಿದೆಯೇ ಎಂದು ಹೊರಡುವ ಬೆಳಿಗ್ಗೆಯೇ ವಿಚಾರಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಆ ದಾರಿಯನ್ನು ಮಳೆಗಾಲದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಿದ್ದಾಪುರ, ಅಮ್ಮತ್ತಿ ಸುತ್ತ ಮುಂಜಾನೆ ಆನೆ ರಸ್ತೆಯಲ್ಲೇ ಸಿಗಬಹುದು. ಆದ್ದರಿಂದ ಹಿಂದಿನ ದಿನವೇ ಹೋಗಿ ತೋಟದ ಹತ್ತಿರ ಉಳಿದುಕೊಳ್ಳಿ.

ಉಡುಪಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಗಾಳಿ ಅಡ್ಡ ಬೀಸುವಾಗ ಕೊಡೆ ಉಪಯೋಗಕ್ಕೆ ಬರದು. ರೇನ್‌ಕೋಟಿನ ತೋಳಿನೊಳಗೆ ನೀರಿಳಿದು ಮಣಿಕಟ್ಟು ಮರಗಟ್ಟುತ್ತದೆ, ಆಮೇಲೆ ಬೆರಳಿಗೆ ದಾರ ಗೊತ್ತಾಗುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ತಲೆಯಿಂದ ಬೆನ್ನಿಗೆ ಹೊದೆಯುವ ಪ್ಲಾಸ್ಟಿಕ್ ಗೊರಬೆ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಎರಡೂ ಕೈ ಖಾಲಿ ಇರುತ್ತವೆ. ಗಂಬೂಟು ಬೇಡ, ಜಾರಿ ಕೆರೆಗೆ ಬಿದ್ದರೆ ಅದರೊಳಗೆ ನೀರು ತುಂಬಿ ಕಾಲು ಭಾರವಾಗುತ್ತದೆ. ಹಿಡಿತವಿರುವ ರಬ್ಬರ್ ಶೂ ಸಾಕು. ಇಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂದು ಆಯೋಜಕರನ್ನು ಫೋನಿನಲ್ಲೇ ನೇರವಾಗಿ ಕೇಳಿ. ಇಡೀ ದಿನ ನೀರು ಕುಡಿಯದೆ ಕೂರುವುದು ಹೆಂಗಸರಿಗೆ ಅಭ್ಯಾಸವಾಗಿಬಿಟ್ಟಿದೆ, ಅದು ಹೋಗಬೇಕು.

ಗಾಳದ ವಿಷಯ. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಯನ್ನು ನಾವೂ ಒಯ್ದಿದ್ದೆವು. ಮಳೆಗೆ ಅದು ಕೈಯಲ್ಲೇ ಕರಗತೊಡಗಿತು. ಪಕ್ಕದ ಜಾಗದಲ್ಲಿದ್ದ ಹಿರಿಯ ಕೊಡವ ಮಹಿಳೆ ಕಾಫಿ ಗಿಡದ ಬುಡದ ಎರೆಹುಳು ತುಂಬಿದ ಡಬ್ಬಿ ನಮ್ಮತ್ತ ಚಾಚಿ, 'ತಕ್ಕೊಳ್ಳಿ, ಈ ಮಳೆಗೆ ಇದೇ ನಿಲ್ಲೋದು' ಎಂದರು. ದೂರಕ್ಕೆ ಎಸೆಯಬೇಡಿ ಎಂದೂ ಅವರೇ ಹೇಳಿಕೊಟ್ಟರು. ಮಳೆಯ ಹೊಸ ನೀರು ತೋಡಿನಿಂದ ಕೆರೆಗೆ ಬೀಳುವ ಕಡೆ ಹುಳುಹುಪ್ಪಟೆ ಕೊಚ್ಚಿಕೊಂಡು ಬರುತ್ತವೆ, ಮೀನು ಅಲ್ಲಿ ದಡಕ್ಕೇ ಬಂದಿರುತ್ತದೆ. ಜಾಗವನ್ನು ಚೀಟಿ ಎತ್ತಿ ಕೊಡುತ್ತಾರೆ, ತೋಡಿನ ಬಾಯಿ ಸಿಗದಿದ್ದರೆ ಗಾಳಿ ಬಡಿಯುವ ದಡದಲ್ಲಿ ಹಾಕಿ. ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ಬೆಂಡು ಅಲೆಯಲ್ಲಿ ಸುಮ್ಮನೆ ಕುಣಿಯುತ್ತದೆ, ಅದನ್ನೇ ನೋಡುತ್ತಾ ಕೂತರೆ ಕಣ್ಣು ಸೋಲುತ್ತದೆ. ಬೆಂಡು ಬಿಚ್ಚಿ, ಸೀಸದ ಗುಂಡು ಒಂದಷ್ಟು ಭಾರದ್ದು ಹಾಕಿ, ತಂಗೂಸಿಯನ್ನು, ಅಂದರೆ ಗಾಳದ ನೈಲಾನ್ ದಾರವನ್ನು, ತೋರುಬೆರಳಿಗೆ ತಾಗಿಸಿ ಹಿಡಿಯಿರಿ. ಮೊದಲ ಕುಟುಕಿಗೆ ಎಳೆಯಬೇಡಿ, ದಾರ ಒಂದೇ ಸಮನೆ ಸರಿದಾಗ ಎತ್ತಿ. ಅತ್ತಿಗೆಯ ರೋಹು ಬಂದದ್ದು ಹೀಗೆಯೇ. ಅದು ತೂಕದಲ್ಲಿ ಎರಡನೆಯದಾಯಿತು. ದಡದಲ್ಲಿ ಅವರು ಕೂಗಿದ ಕೂಗಿಗೆ ಇಡೀ ಕೆರೆಯ ಸುತ್ತ ಚಪ್ಪಾಳೆ ಬಿತ್ತು, ನನಗೆ ಕಣ್ಣು ತುಂಬಿ ಬಂತು.

ಕಕ್ಕಡದ ಮಳೆಯಲ್ಲಿ ಗುಡುಗು ಕಡಿಮೆ. ಅದೇ ಏಪ್ರಿಲ್, ಮೇ ಅಥವಾ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಆಸುಪಾಸಿನ ಸ್ಪರ್ಧೆಯಾದರೆ ಸಿಡಿಲಿನ ಭಯ ಹೆಚ್ಚು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದ ಕೂಡಲೇ, ಮೀನು ಸಿಕ್ಕಿಕೊಂಡಿದ್ದರೂ ಸರಿ, ಕೋಲು ಕೆಳಗಿಟ್ಟು ಕಟ್ಟಡದೊಳಗೋ ಕಾರಿನೊಳಗೋ ಹೋಗಿ. ಗಾಳಿ ಜೋರಿದ್ದಾಗ ಸಿಲ್ವರ್ ಓಕ್ ಮರದಡಿ ನಿಲ್ಲಬೇಡಿ, ಅದರ ಕೊಂಬೆ ಮುರಿಯುವುದಕ್ಕೆ ಹೊತ್ತು ಬೇಡ.

ಊಟದ ಚಿಂತೆ ಬೇಡ. ಅಕ್ಕಿ ರೊಟ್ಟಿ, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ಬೆಲ್ಲದ ಕಾಫಿ ಎಲ್ಲ ಬಿಸಿಬಿಸಿ ಇತ್ತು. ಮಾಂಸ ತಿನ್ನದವರು ಮೊದಲೇ ತಿಳಿಸಿ. ಕಕ್ಕಡದ 18ನೇ ದಿನಕ್ಕೆ, ಆಗಸ್ಟ್ 3ರ ಹೊತ್ತಿಗೆ ಅಲ್ಲಿದ್ದರೆ ಮದ್ದು ಸೊಪ್ಪಿನ ಪಾಯಸ ತಪ್ಪದೆ ಕೇಳಿ ತಿನ್ನಿ. ಬಹುಮಾನ ಹಂಚುವುದು ತಡವಾಗುತ್ತದೆ, ಮರುದಿನ ಬೆಳಕಾದ ಮೇಲೆ ಹೊರಡುವಂತೆ ಕೋಣೆಯನ್ನು ಇನ್ನೊಂದು ರಾತ್ರಿಗೂ ಹಿಡಿದಿಡಿ.