ನಿಧಾನದವರು ಮುಂದೆ

ನಾವು ಅಧಿಕಾರಿ ತರಬೇತಿ ಪಡೆದ ಅಕಾಡೆಮಿಯ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಿರ್ಗಮನ ಪಥಸಂಚಲನ, ಹೆಗಲೇರಿದ ನಕ್ಷತ್ರ ಎಲ್ಲವೂ ಕಣ್ಣಮುಂದೆ ಬಂದವು. ಆದರೂ ನನಗೆ ಬರೆಯಬೇಕೆನಿಸಿದ್ದು ಬೆಳಗಿನ ಓಟದ ಬಗ್ಗೆ. ನಾವು ಅಧಿಕಾರಿಗಳಾಗಲು ಆರಂಭಿಸಿದ್ದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಬೆಳಕು ಹರಿಯುವ ಮೊದಲೇ ಮೂರು ಸಾಲಿನಲ್ಲಿ ನಿಲ್ಲುತ್ತಿದ್ದೆವು. ತಲೆ ಎಣಿಕೆ ಮುಗಿದ ಕೂಡಲೇ ಹೊರಡುವುದು. ಮೊದಲ ವಾರ ಚುರುಕಾಗಿ ಓಡುವವರೆಲ್ಲ ತಾವಾಗಿಯೇ ಮುಂದೆ ಸೇರಿಕೊಂಡಿದ್ದರು. ಅದನ್ನು ಕಂಡ ಉಸ್ತಾದರು, ಅಂದರೆ ನಮ್ಮ ತರಬೇತುದಾರರು, ಸಾಲನ್ನೇ ತಿರುಗಿಸಿಬಿಟ್ಟರು. ಹಿಂದುಳಿಯುತ್ತಿದ್ದವರು ಮುಂದಕ್ಕೆ, ಓಟಗಾರರು ಬಾಲಕ್ಕೆ. ಅಂತರಕಾಲೇಜು ಸ್ಪರ್ಧೆಗಳಲ್ಲಿ ಪದಕ ಗೆದ್ದು ಬಂದಿದ್ದ ಗೆಳೆಯರಿಗೆ ಇದು ಅವಮಾನವೆನಿಸಿತು.

ಕಾರಣ ತಿಳಿದದ್ದು ಓಡುತ್ತಾ ಓಡುತ್ತಾ. ಮುಂದಿನವನು ತುಸು ವೇಗ ಹೆಚ್ಚಿಸಿದರೂ ಆ ವ್ಯತ್ಯಾಸ ಸಾಲಿನುದ್ದಕ್ಕೂ ಬೆಳೆಯುತ್ತಾ ಹೋಗುತ್ತದೆ. ನಡುವೆ ಬಿದ್ದ ಅಂತರ ತುಂಬಲು ಕೊನೆಯವನು ಶಕ್ತಿಮೀರಿ ಧಾವಿಸಬೇಕು, ತಲುಪಿದ ಮರುಕ್ಷಣವೇ ತಡೆದು ನಿಲ್ಲಬೇಕು. ಇಡೀ ಸಾಲು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಎಲ್ಲರಿಗಿಂತ ದುರ್ಬಲನಾದವನು ಕೊನೆಯಲ್ಲಿದ್ದರೆ, ಅತಿ ಹೆಚ್ಚು ದಣಿಯುವವನೂ ಅವನೇ. ಅವನನ್ನು ಮುಂದೆ ನಿಲ್ಲಿಸಿದರೆ ಹೆಜ್ಜೆ ಒಂದೇ ಹದಕ್ಕೆ ಬರುತ್ತದೆ, ತಂಡ ಒಡೆಯುವುದಿಲ್ಲ. ಕೆಲವೇ ವಾರಗಳಲ್ಲಿ ಮುಂದಿನ ಸಾಲಿನವರ ವೇಗವೇ ಏರಿತು. ತಮ್ಮ ಹಿಂದೆ ಅಷ್ಟು ಜನರ ಕಾಲುಗಳಿವೆ ಎಂಬ ಅರಿವು ಅವರನ್ನು ಓಡಿಸುತ್ತಿತ್ತು.

ಸಾಮಾನ್ಯ ನಡಿಗೆಯ ಕವಾಯತಿಗೆ ನಿಮಿಷಕ್ಕೆ 120 ಹೆಜ್ಜೆ, ಓಟಕ್ಕೆ 180. ಆ 180ಕ್ಕೆ ಎಲ್ಲರ ಕಾಲೂ ಕೂಡಿದಾಗ ಉಸಿರೂ ಕೂಡುತ್ತಿತ್ತು. ಉಸ್ತಾದರು ಒಂದು ಸಾಲು ಕೂಗಿದರೆ ನಾವು ಮರುಸಾಲು ಕೂಗಬೇಕು. ಅದು ಬರಿಯ ಹುರುಪಿಗೆಂದು ನಾನು ಬಹಳ ಕಾಲ ತಿಳಿದಿದ್ದೆ. ಏದುಸಿರು ಬಿಡುವವನು ಪೂರ್ತಿ ಸಾಲು ಕೂಗಲಾರ. ನಮ್ಮ ದನಿ ಎಲ್ಲಿ ತೆಳುವಾಯಿತೆಂದು ಕೇಳಿಯೇ ಅವರು ವೇಗ ಇಳಿಸುತ್ತಿದ್ದರು. ದಾರಿಯಲ್ಲಿದ್ದ ಕಿರುಸೇತುವೆಯ ಮೇಲೆ ಮಾತ್ರ ಹೆಜ್ಜೆ ಕೂಡಿಸಬಾರದು, ಕೂಗಲೂ ಬಾರದು. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಒಂದೇ ಲಯದಲ್ಲಿ ನಡೆಯುತ್ತಿದ್ದ ಸೈನಿಕರ ಹೆಜ್ಜೆಗಳ ಬಡಿತಕ್ಕೆ ಕುಸಿದಿತ್ತು. ಸೇತುವೆ ದಾಟುವಾಗ ಹೆಜ್ಜೆ ಮುರಿಯುವ ಪದ್ಧತಿ ಅಂದಿನಿಂದ ಸೇನೆಗಳಲ್ಲಿ ಬೇರೂರಿತು. ಹತ್ತಾರು ಜನ ಕೂಡಿ ಇಡುವ ಹೆಜ್ಜೆಗೆ ಎಷ್ಟು ಬಲವಿದೆಯೆಂದು ನನಗೆ ಮನದಟ್ಟಾದದ್ದು ಆ ಸೇತುವೆಯ ಮೇಲಿನ ಮೌನದಲ್ಲಿ.

ನಮ್ಮ ತಂಡದ ಗೆಳೆಯನೊಬ್ಬ ಮೊಣಕಾಲ ಕೆಳಗಿನ ನೋವನ್ನು ಯಾರಿಗೂ ಹೇಳದೆ ಓಡಿದ. ಹಿಂದುಳಿದವನೆನಿಸಿಕೊಳ್ಳುವ ಭಯ. ಕೊನೆಗೆ ನಿಲ್ಲಲೂ ಆಗದಿದ್ದಾಗ ಎಲುಬಿನಲ್ಲಿ ಬಿರುಕು ಕಂಡಿತು. ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ನಡೆದು ನಡೆದು ಊದಿದ ಸೈನಿಕರ ಪಾದಗಳನ್ನು 1855ರಲ್ಲೇ ವಿವರಿಸಿದ್ದ. ಕಾರಣ ಅದೇ ಬಗೆಯ ಬಿರುಕೆಂಬುದು ಎಕ್ಸ್-ರೇ ಬಂದ ಮೇಲೆ ಗೊತ್ತಾಯಿತು. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ಆ ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲ. ಸ್ನಾಯು ಗಟ್ಟಿಯಾಯಿತು, ಇನ್ನು ಚಿಂತೆಯಿಲ್ಲ ಎನಿಸುವುದೂ ಅದೇ ವಾರಗಳಲ್ಲಿ.

ಗೆಳೆಯ ಮುಂದಿನ ತಂಡದೊಂದಿಗೆ ತರಬೇತಿ ಪೂರೈಸಿ ಒಳ್ಳೆಯ ಅಧಿಕಾರಿಯಾದ. ಈಗ ಅದೇ ದಾರಿಯಲ್ಲಿ ಓಡುತ್ತಿರುವ ಕಿರಿಯರಲ್ಲಿ ನನ್ನದೊಂದು ಕೋರಿಕೆ: ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟರೆ ನೋಯುತ್ತಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಪಕ್ಕದವನು ಕುಂಟುವುದನ್ನು ಕಂಡರೆ, ಅವನು ಬೇಡವೆಂದರೂ ಉಸ್ತಾದರಿಗೆ ತಿಳಿಸಿ.